ಕಲ್ಲಿನ ತೂಕ ಕಳೆದ ಮೇಲೆ

ಸಿನಿಮಾಕ್ಕೂ ಕಣ್ಕಟ್ಟಿಗೂ ಹುಟ್ಟಿನ ನಂಟು. ಫ್ರಾನ್ಸಿನ ಜಾರ್ಜ್ ಮೆಲಿಯೆ ಮೂಲತಃ ಜಾದೂಗಾರ. 1902ರಲ್ಲಿ ಆತ ಚಂದ್ರನ ಕಣ್ಣಿಗೆ ಗುಂಡಿನಾಕಾರದ ನೌಕೆಯನ್ನು ನಾಟಿಸಿ ಲೋಕವನ್ನೇ ಬೆರಗುಗೊಳಿಸಿದ. ಹತ್ತು ಹನ್ನೊಂದು ವರ್ಷಗಳಲ್ಲಿ ಪ್ರೇಕ್ಷಕರಿಗೆ ಆ ಚಮತ್ಕಾರ ಸಾಕಾಯಿತು. ಚಿತ್ರ ತಯಾರಿಕೆ ನಿಂತಿತು. ಮುಂದೆ ಆತ ಪ್ಯಾರಿಸಿನ ರೈಲು ನಿಲ್ದಾಣವೊಂದರಲ್ಲಿ ಆಟಿಕೆ ಮಾರಿ ಬದುಕಬೇಕಾಯಿತು. ಬೆರಗಿಗೆ ಆಯುಷ್ಯ ಕಡಿಮೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಆದರೂ ದೃಶ್ಯವೈಭವ ಚೆನ್ನಾಗಿದ್ದರೆ ಕತೆಯ ಬಡತನ ಮುಚ್ಚಿಹೋಗುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಈ ನಂಬಿಕೆಯನ್ನು ಎರಡು ಮಲಯಾಳ ಚಿತ್ರಗಳ ಮೂಲಕ ಪರೀಕ್ಷಿಸುವುದು ಈ ಬರಹದ ಉದ್ದೇಶ.

ಮೊದಲನೆಯದು 1984ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್'. ನವೋದಯದ ಅಪ್ಪಚ್ಚನ್ ನಿರ್ಮಿಸಿ ಅವರ ಮಗ ಜಿಜೋ ನಿರ್ದೇಶಿಸಿದ ಇದು ಭಾರತದ ಮೊದಲ ತ್ರೀಡಿ ಚಿತ್ರ. ಕನ್ನಡಕ ಹಾಕಿ ಕುಳಿತವರ ಮೂಗಿನ ತುದಿಗೇ ಐಸ್‌ಕ್ರೀಮ್ ಬರುತ್ತಿತ್ತು. ಮಕ್ಕಳು ಗೋಡೆ ಹತ್ತಿ ಮಾಡಿನಲ್ಲಿ ತಲೆಕೆಳಗಾಗಿ ನಡೆಯುವ ದೃಶ್ಯಕ್ಕೆ ಇಡೀ ಕೋಣೆಯ ಸೆಟ್ಟನ್ನೇ ತಿರುಗಿಸಿದ್ದರು. ಆಗ ಕಂಪ್ಯೂಟರಿನ ನೆರವು ಇರಲಿಲ್ಲ. ಎರಡನೆಯದು 2024ರ ಡಿಸೆಂಬರ್ 25ರಂದು ತೆರೆಕಂಡ 'ಬರೋಸ್'. ಮೋಹನ್‌ಲಾಲ್ ಮೊದಲ ಬಾರಿ ನಿರ್ದೇಶಕರಾದ ಚಿತ್ರ. ಸಂತೋಷ್ ಶಿವನ್ ಅವರ ಛಾಯಾಗ್ರಹಣ. ಮೂಲಕಲ್ಪನೆ ಅದೇ ಜಿಜೋ ಅವರದ್ದು. ನಲ್ವತ್ತು ವರ್ಷಗಳ ಅಂತರದ ಈ ಎರಡೂ ಚಿತ್ರಗಳ ಎಲುಬುಗೂಡು ಹೆಚ್ಚುಕಡಿಮೆ ಒಂದೇ: ಕಟ್ಟಿಗೆ ಬಿದ್ದ ಒಂದು ಭೂತ, ಅದಕ್ಕೆ ಜೊತೆಯಾಗುವ ಒಂದು ಮಗು.

ಕುಟ್ಟಿಚ್ಚಾತ್ತನ್ ಮಂತ್ರವಾದಿಯ ಗುಲಾಮ. ಅವನ ಗೆಳತಿಯಾದ ಹುಡುಗಿಯ ತಂದೆ ಕುಡುಕ. ಮಕ್ಕಳಿಗೆ ಚಾತ್ತನ್ ಬೇಕು, ಚಾತ್ತನಿಗೆ ಬಿಡುಗಡೆ ಬೇಕು. ಇಷ್ಟೇ ಕತೆ. ಆದರೆ ಈ ಎರಡು ಬೇಕುಗಳು ಪ್ರತಿಯೊಂದು ಚಮತ್ಕಾರದ ಹಿಂದೆಯೂ ಇವೆ. ಗೋಡೆ ಹತ್ತುವ ಮಕ್ಕಳ ಆನಂದ, ಮನೆಯಲ್ಲಿ ಸುಖವಿಲ್ಲದ ಮಗುವೊಂದಕ್ಕೆ ದೊರೆತ ಬಿಡುವು. 'ಬರೋಸ್'ನ ನಾಯಕ ವಾಸ್ಕೋ ಡ ಗಾಮನ ನಿಧಿಯನ್ನು ನಾಲ್ಕು ಶತಮಾನ ಕಾದವನು. ನಾನೂರು ವರ್ಷ ಒಂದೇ ಬಾಗಿಲು ಕಾಯುವುದೆಂದರೇನು? ಆ ದಣಿವು, ಆ ನಿಷ್ಠೆ, ಒಡೆಯನ ಮೇಲಿನ ಸಂಶಯ, ಇವೆಲ್ಲ ಮಹಾಕಾವ್ಯಕ್ಕೆ ಸಾಲುವಷ್ಟು ವಸ್ತು. ಚಿತ್ರ ಅದರ ಬಳಿಗೇ ಸುಳಿಯುವುದಿಲ್ಲ. ಭೂತಕ್ಕೂ ಮಗುವಿಗೂ ಸ್ನೇಹ ಬೆಳೆಯಿತೆಂದು ನಮಗೆ ತಿಳಿಸಲಾಗುತ್ತದೆ, ಬೆಳೆಯುವುದನ್ನು ನಾವು ಕಾಣುವುದಿಲ್ಲ. ತೆರೆಯ ಮೇಲೆ ಆಳವಿದೆ, ಪಾತ್ರಗಳಲ್ಲಿಲ್ಲ. ಚಿತ್ರ ಸೋತದ್ದು ತಂತ್ರಜ್ಞರ ಕೊರತೆಯಿಂದಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಚಿನ್ನದ ಸಾಲಕ್ಕೆ ಬರುವ ಆಭರಣಗಳನ್ನು ದಿನವೂ ಕಾಣುತ್ತೇನೆ. ಹವಳ, ಮುತ್ತು, ಕೆಂಪುಕಲ್ಲು ಎಷ್ಟೇ ಹೊಳೆಯಲಿ, ಸರಾಫರು ಅವುಗಳ ತೂಕ ಕಳೆದು ಉಳಿದ ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ. ಕಲ್ಲು ಬೇಡವೆಂದು ಅವರು ಹೇಳುವುದಿಲ್ಲ. ಸರಕ್ಕೆ ಅಂದ ಬಂದದ್ದೇ ಅದರಿಂದ. ಆದರೆ ಕಷ್ಟಕಾಲದಲ್ಲಿ ಕೈಹಿಡಿಯುವುದು ಚಿನ್ನ. ವಿಮರ್ಶಕನ ಕೆಲಸವೂ ಬಹುಮಟ್ಟಿಗೆ ಇದೇ ಎಂದು ನನಗನಿಸುತ್ತದೆ.

ಹಾಗಾದರೆ 'ಅವತಾರ್' ಹೇಗೆ ಗೆದ್ದಿತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2009ರ ಆ ಚಿತ್ರ ಗಳಿಕೆಯಲ್ಲಿ ಜಗತ್ತಿನ ದಾಖಲೆ ಮುರಿಯಿತು. ಅದಕ್ಕೆ ಬಂದ ಮೂರು ಆಸ್ಕರ್‌ಗಳೂ ಕಲಾನಿರ್ದೇಶನ, ಛಾಯಾಗ್ರಹಣ, ದೃಶ್ಯಪರಿಣಾಮ ಎಂಬ ಕಣ್ಣಿನ ವಿಭಾಗಗಳಲ್ಲೇ. ಆದರೆ ಸರಳ ಕತೆ ಬೇರೆ, ದುರ್ಬಲ ಕತೆ ಬೇರೆ. ಗಣಿಗಾರರು ಬಂದು ಕಾಡಿನವರ ನೆಲ ಕಸಿಯುವ ಕತೆ ಹಳೆಯದು, ಸರಳವಾದದ್ದು. ಆದರೆ ಕಳೆದುಕೊಳ್ಳುವುದೇನೆಂದು ಮಗುವಿಗೂ ತಿಳಿಯುತ್ತದೆ. ಅಲ್ಲಿನ ದೃಶ್ಯವೈಭವವೇ ಆ ಕಳೆದುಹೋಗುವ ಕಾಡು. 1993ರ 'ಜುರಾಸಿಕ್ ಪಾರ್ಕ್' ಕೂಡ ಹಾಗೆಯೇ. ಎರಡು ಗಂಟೆ ಮೀರಿದ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣುವುದು ಸುಮಾರು 15 ನಿಮಿಷ ಮಾತ್ರ. ನಮ್ಮನ್ನು ಮೊದಲು ನಡುಗಿಸುವುದು ಲೋಟದಲ್ಲಿ ಅದುರುವ ನೀರು.

ಈ ಚರ್ಚೆ ನಮಗೆ ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ನಮ್ಮಲ್ಲಿ ಎರಡು ರೂಪದಲ್ಲಿ ಬದುಕಿವೆ. ಬಯಲಾಟದಲ್ಲಿ ಬಣ್ಣದ ವೇಷ ಬರುವಾಗ ದೀವಟಿಗೆಗೆ ರಾಳದ ಪುಡಿ ಎರಚುತ್ತಿದ್ದರು. ಬೆಂಕಿಯ ನಡುವೆ ಚುಟ್ಟಿ ಇಟ್ಟ ರಕ್ಕಸನ ಮುಖ ಕಂಡು ಮಕ್ಕಳು ಅಮ್ಮನ ಸೆರಗಿಗೆ ಅಡಗುತ್ತಿದ್ದರು. ಅದೂ ದೃಶ್ಯಪರಿಣಾಮವೇ. ತಾಳಮದ್ದಳೆಯಲ್ಲಿ ಮಾತ್ರ ವೇಷವಿಲ್ಲ, ಕುಣಿತವಿಲ್ಲ, ಬೆಂಕಿಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಪಂಚೆ ಶಾಲಿನಲ್ಲಿ ಕುಳಿತು ವಾಲಿಯಾಗಿ ರಾಮನನ್ನು ಪ್ರಶ್ನಿಸಿದರೆ ಇರುಳು ಸರಿದದ್ದೇ ತಿಳಿಯುತ್ತಿರಲಿಲ್ಲ. ಕತೆ ವೈಭವವಿಲ್ಲದೆ ನಿಲ್ಲಬಲ್ಲದು. ವೈಭವ ಕತೆಯಿಲ್ಲದೆ ಒಂದು ಜಾವವೂ ನಿಲ್ಲಲಾರದು. ಕನ್ನಡದ 'ಬಬ್ರುವಾಹನ' ಚಿತ್ರದಲ್ಲಿ (1977) ಎರಡೂ ಸೇರಿವೆ. ರಾಜಕುಮಾರ್ ಅವರೇ ಅರ್ಜುನ, ಅವರೇ ಬಬ್ರುವಾಹನ. ಒಬ್ಬ ನಟನನ್ನು ಇಬ್ಬರಾಗಿಸಿದ್ದು ಕ್ಯಾಮರಾದ ತಂತ್ರ. ಆದರೆ ನಮ್ಮನ್ನು ಹಿಡಿದಿಟ್ಟದ್ದು, ತಾಯಿಯನ್ನು ಹಳಿದ ತಂದೆಯನ್ನು ಮಗ ಎದುರಿಸುವ ಮಾತಿನ ಕಾಳಗ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೂ ಒಂದು ಚಿಂತೆಯಿದೆ. ಇಂದಿನ ಅದ್ದೂರಿ ಚಿತ್ರಗಳು ಒಂದೇ ದಿನ ನಾಲ್ಕೈದು ಭಾಷೆಗಳಲ್ಲಿ ಬರುತ್ತವೆ. ಕನ್ನಡದಲ್ಲೂ ಬರುತ್ತವೆ, ಸಂತೋಷವೇ. ಆದರೆ ಎಲ್ಲ ಭಾಷೆಗೂ ಸಲೀಸಾಗಿ ಹೊಂದಬೇಕೆಂದು ಸಂಭಾಷಣೆಯನ್ನು ಸವೆಸಿ ಸವೆಸಿ ಕೊನೆಗೆ ಯಾವ ಊರಿನ ಮಾತೂ ಅಲ್ಲದಂತೆ ಮಾಡಿದರೆ, ಅದು ಕನ್ನಡವಾದರೇನು, ಮಲಯಾಳವಾದರೇನು? ಸ್ಫೋಟಕ್ಕೆ ಭಾಷೆ ಬೇಕಾಗಿಲ್ಲ. ಕತೆಗೆ ಬೇಕು. ಶಾಲೆ, ಕಚೇರಿ, ಅಂಗಡಿಗಳಲ್ಲಿ ಕನ್ನಡದ ಜಾಗ ಕಿರಿದಾಗುತ್ತಿರುವ ನಮ್ಮಲ್ಲಿ, ಮಕ್ಕಳಿಗೆ ಭಾಷೆ ಉಳಿಯುವುದು ಅವರು ಮತ್ತೆ ಹೇಳಬಲ್ಲ ಕತೆಗಳಿಂದ.

ಮಕ್ಕಳನ್ನು ಇಂಥ ಚಿತ್ರಗಳಿಂದ ದೂರವಿಡಿ ಎಂದು ನಾನು ಹೇಳುತ್ತಿಲ್ಲ. ಅವರೂ ಬೆರಗಾಗಲಿ. ನೋಡಿ ಬಂದ ಮರುದಿನ, ಮನೆಮಾತು ತುಳುವಿರಲಿ, ಹವ್ಯಕವಿರಲಿ, ಕನ್ನಡವೇ ಇರಲಿ, ಅದರಲ್ಲಿ "ಕತೆ ಹೇಳು" ಎಂದು ಕೇಳಿ. ಮಗು ಕೈಯಾಡಿಸಿ ಸದ್ದು ಮಾಡಿ ನಿಲ್ಲಿಸಿತೋ, ಇಲ್ಲ "ಆಮೇಲೆ ಏನಾಯಿತೆಂದರೆ" ಎಂದು ಮುಂದುವರಿಸಿತೋ ಎಂಬುದರಲ್ಲಿ ಚಿತ್ರದ ಯೋಗ್ಯತೆ ತಿಳಿದುಹೋಗುತ್ತದೆ.