ಶಾಸ್ತ್ರದಾನ: ಹಂಚಿದ ಗ್ರಂಥವೂ ಓದಿದ ಗ್ರಂಥವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರರ ಫಲ ಕಣ್ಣಿಗೆ ಕಾಣುವಂಥದು. ಹಸಿದವನು ಉಂಡನೇ, ರೋಗಿ ಚೇತರಿಸಿಕೊಂಡನೇ, ಅಂಜಿದ ಜೀವಿ ನಿರ್ಭಯವಾಯಿತೇ ಎಂಬುದನ್ನು ದಾನಿಯು ನಿಂತು ನೋಡಬಹುದು. ಶಾಸ್ತ್ರದಾನದಲ್ಲಿ ಮಾತ್ರ ದಾನಿಯು ಗ್ರಂಥವನ್ನು ಕೈಗಿತ್ತು, ಕೈಮುಗಿದು ಹಿಂದಿರುಗುತ್ತಾನೆ. ಕೊಟ್ಟ ಗ್ರಂಥವನ್ನು ತೆರೆದು ನೋಡಿದರೇ ಎಂದು ವಿಚಾರಿಸುವ ವಾಡಿಕೆ ನಮ್ಮ ಸಮಾಜದಲ್ಲಿಲ್ಲ. ಈ ವಾಡಿಕೆ ಇಲ್ಲದಿರುವುದರಿಂದಲೇ ನಾಲ್ಕು ದಾನಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇಂದು ಅತ್ಯಂತ ಸುಲಭವಾದದ್ದೂ ಆಗಿಹೋಗಿದೆ.

ಪಂಚಕಲ್ಯಾಣ ಮಹೋತ್ಸವ, ವ್ರತದ ಉದ್ಯಾಪನೆ, ಷಷ್ಟ್ಯಬ್ದಿ, ಹಿರಿಯರ ಪುಣ್ಯಸ್ಮರಣೆ ಮೊದಲಾದ ಸಂದರ್ಭಗಳಲ್ಲಿ ಗ್ರಂಥಗಳನ್ನು ಮುದ್ರಿಸಿ ಹಂಚುವುದು ಸ್ತುತ್ಯವಾದ ಸಂಪ್ರದಾಯವೇ ಸರಿ. ಆದರೆ ಅದರ ಲೆಕ್ಕವನ್ನು ಬರೆಯುವ ಕ್ರಮ ವಿಮರ್ಶೆಗೆ ಅರ್ಹವಾಗಿದೆ. ಮುದ್ರಿಸಿದ ಪ್ರತಿಗಳೆಷ್ಟು, ಹಂಚಿದ ಪ್ರತಿಗಳೆಷ್ಟು, ಉಳಿದ ಪ್ರತಿಗಳೆಷ್ಟು ಎಂಬ ಮೂರು ಕಲಮುಗಳಲ್ಲಿ ವರದಿ ಮುಗಿಯುತ್ತದೆ. ಓದಿದವರೆಷ್ಟು ಎಂಬ ನಾಲ್ಕನೆಯ ಕಲಮು ಎಲ್ಲಿಯೂ ಇಲ್ಲ. ಒಂದು ಗೋದಾಮಿನ ಸರಕನ್ನು ಇನ್ನೊಂದು ಗೋದಾಮಿಗೆ ಸಾಗಿಸಿ ಅದನ್ನೇ ಮಾರಾಟವೆಂದು ಬರೆದುಕೊಂಡ ವ್ಯಾಪಾರಿಯ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು. ಟ್ರಸ್ಟಿನ ಕೊಠಡಿಯಿಂದ ಹೊರಟು ಶ್ರಾವಕರ ಮನೆಯ ಕಪಾಟಿನಲ್ಲಿ ನಿಂತ ಗ್ರಂಥದ ಸ್ಥಿತಿಯೂ ಇದೇ.

ಪ್ರಾಚೀನರು ಈ ದಾನವನ್ನು ಹೇಗೆ ಭಾವಿಸಿದ್ದರು ಎಂಬುದಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ನಿದರ್ಶನವಿದೆ. ದಾನದ ದೃಷ್ಟಾಂತಗಳಾಗಿ ಅಲ್ಲಿ ಹೆಸರಿಸಲಾದ ನಾಲ್ವರಲ್ಲಿ ಕೌಂಡೇಶನೂ ಒಬ್ಬನು. ಪ್ರಭಾಚಂದ್ರರ ಟೀಕೆಯಲ್ಲಿ ಅವನ ಪೂರ್ವಭವದ ಕಥೆ ಬರುತ್ತದೆ. ಗೋವಿಂದನೆಂಬ ಗೋಪಾಲಕನೊಬ್ಬನು ಮರದ ಪೊಟರೆಯಲ್ಲಿ ಹಳೆಯದೊಂದು ಗ್ರಂಥವನ್ನು ಕಂಡು, ಪೂಜಿಸಿ, ಪದ್ಮನಂದಿ ಮುನಿಗಳಿಗೆ ಭಕ್ತಿಯಿಂದ ಒಪ್ಪಿಸಿದನು. ಆ ಪುಣ್ಯದಿಂದ ಮುಂದೆ ಕೌಂಡೇಶನಾಗಿ ಹುಟ್ಟಿ ಶ್ರುತಪಾರಂಗತನಾದನು. ಕಥೆಯ ಈ ಭಾಗ ಬಹುಮಂದಿಗೆ ಪರಿಚಿತ. ಆದರೆ ಟೀಕಾಕಾರರು ಸೇರಿಸಿದ ಇನ್ನೊಂದು ಸಂಗತಿಯನ್ನು ಪ್ರವಚನಗಳಲ್ಲಿ ಬಿಟ್ಟುಬಿಡುವುದುಂಟು. ಆ ಗ್ರಂಥವನ್ನು ಹಿಂದಿನ ಭಟ್ಟಾರಕರು ಆ ಅಡವಿಯಲ್ಲಿಯೇ ಪೂಜಿಸಿ, ವ್ಯಾಖ್ಯಾನ ಮಾಡಿ, ಅನಂತರ ಪೊಟರೆಯಲ್ಲಿಟ್ಟು ಹೋಗಿದ್ದರು. ಎಂದರೆ ಗೋವಿಂದನಿಗೆ ದೊರೆತದ್ದು ಹಲವರು ಓದಿ, ಇತರರಿಗೆ ಅರ್ಥ ಹೇಳಿ, ಮುಂದೆ ಬರುವವರಿಗೆಂದು ಉಳಿಸಿದ ಗ್ರಂಥ. ಪೊಟರೆಯು ಆ ಕಾಲದ ಗ್ರಂಥಭಂಡಾರವೇ ಆಗಿತ್ತು, ಅದಕ್ಕೆ ಬೀಗವಿರಲಿಲ್ಲ. ಗೋಪಾಲಕನು ತಾನು ಓದಲಿಲ್ಲವಾದರೂ, ಯಾರ ಕೈಗೆ ಸೇರಿದರೆ ಅದು ಮತ್ತೆ ವ್ಯಾಖ್ಯಾನಗೊಳ್ಳುವುದೋ ಅವರನ್ನು ಸರಿಯಾಗಿ ಗುರುತಿಸಿದನು. ಅವನ ಪುಣ್ಯದ ಮೂಲ ಈ ವಿವೇಕದಲ್ಲಿಯೂ ಇದೆ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ಬಗೆಯಾಗಿ ಹೇಳುತ್ತದೆ. ವಾಚನಾ ಎಂದರೆ ಒಬ್ಬನೇ ಕುಳಿತು ಓದುವುದು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಕಾಣುವ ಅರ್ಥ ಬೇರೆ: ನಿರ್ದೋಷವಾದ ಗ್ರಂಥವನ್ನು, ಅದರ ಅರ್ಥವನ್ನು, ಅಥವಾ ಎರಡನ್ನೂ ಇನ್ನೊಬ್ಬರಿಗೆ ನೀಡುವುದೇ ವಾಚನಾ. ಎರಡನೆಯದಾದ ಪೃಚ್ಛನೆಯು ಸಂಶಯ ನಿವಾರಣೆಗಾಗಿ ಬಲ್ಲವರನ್ನು ಕೇಳುವುದು. ಹೀಗೆ ಸ್ವಾಧ್ಯಾಯದ ಮೊದಲ ಎರಡು ಮೆಟ್ಟಿಲುಗಳಿಗೂ ಇಬ್ಬರು ಬೇಕು. ಮೆಚ್ಚಿದ ಗ್ರಂಥವನ್ನು ಇನ್ನೊಬ್ಬ ಓದುಗನಿಗೆ ಸೂಚಿಸುವುದು, ಅವನು ಮೆಚ್ಚಿದ್ದನ್ನು ಕೇಳಿ ಪಡೆಯುವುದು ಕೇವಲ ವಿನೋದದ ವಿಷಯವಲ್ಲ. ಅಂತರಂಗ ತಪಸ್ಸಿನ ಒಂದು ಅಂಗ.

ಈ ದೃಷ್ಟಿಯಿಂದ ದಾನಚಿಂತಾಮಣಿ ಅತ್ತಿಮಬ್ಬೆಯ ಕಾರ್ಯವನ್ನು ಮತ್ತೊಮ್ಮೆ ನೋಡಬೇಕು. 10ನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಇದನ್ನು ಹೇಳುವಾಗಲೆಲ್ಲ ಸಾವಿರ ಎಂಬ ಸಂಖ್ಯೆಗೇ ಒತ್ತು ಬೀಳುತ್ತದೆ. ಶಾಂತಿಪುರಾಣವೇ ಏಕೆ ಎಂಬ ಪ್ರಶ್ನೆ ಏಳುವುದಿಲ್ಲ. ಆ ಕಾವ್ಯವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ. ಅದು ಆಕೆಯ ತವರಿನಲ್ಲಿ ಹುಟ್ಟಿದ ಗ್ರಂಥ. ಆಕೆ ಹಂಚಿದ್ದು ಯಾವುದೋ ಒಂದು ಗ್ರಂಥವನ್ನಲ್ಲ, ತನ್ನ ಮನೆತನಕ್ಕೆ ಆಪ್ತವಾದ ಗ್ರಂಥವನ್ನು. ಒಂದೊಂದು ಪ್ರತಿಯನ್ನೂ ಲಿಪಿಕಾರನು ಓಲೆಯ ಮೇಲೆ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಆಯ್ಕೆಯಿಲ್ಲದ ದಾನ ಸಾಧ್ಯವೇ ಇರಲಿಲ್ಲ. ಓಲೆಗೂ ಆಯುಸ್ಸಿನ ಮಿತಿಯುಂಟು. ಓದುಗನು ಮೆಚ್ಚಿ ಮರುಪ್ರತಿ ಮಾಡಿಸದಿದ್ದರೆ ಗ್ರಂಥ ಅಳಿಯುತ್ತಿತ್ತು. ಮುದ್ರಣವು ಪ್ರತಿಗಳನ್ನು ಅಗ್ಗಗೊಳಿಸಿತು. ಮೊಬೈಲ್ ಫೋನು ಅವನ್ನು ನಿಶ್ಶುಲ್ಕವಾಗಿಸಿದೆ. ಇಡೀ ಗ್ರಂಥವನ್ನು ಒಂದು ಕ್ಷಣದಲ್ಲಿ ನೂರು ಜನರಿಗೆ ಕಳುಹಿಸಬಹುದು; ಕಳುಹಿಸುವವನು ಮೊದಲ ಪುಟವನ್ನು ಓದಿರಬೇಕೆಂಬ ನಿಯಮವೂ ಇಲ್ಲ. ಸೌಲಭ್ಯ ಹೆಚ್ಚಿದಂತೆ ದಾನಿಯ ಹೊಣೆ ಕಡಿಮೆಯಾಯಿತೆಂದು ಭಾವಿಸಿದ್ದೇ ಇಲ್ಲಿಯ ದೋಷ.

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷಕ್ಕೆ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಚರಿತ್ರೆಯೇ ಸಾಕ್ಷಿ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನರು 816ರಲ್ಲಿ ಮುಗಿಸಿದ ಧವಲಾ ಟೀಕೆ ಕನ್ನಡ ಲಿಪಿಯ ತಾಡಪತ್ರಗಳಲ್ಲಿ ಅಲ್ಲಿ ಉಳಿದುಬಂದಿತು. ಶತಮಾನಗಳ ಕಾಲ ಅದನ್ನು ರಕ್ಷಿಸಿದವರಿಗೆ ಇಡೀ ಜೈನ ಸಮಾಜ ಋಣಿಯಾಗಿದೆ. ಅವರ ಭಕ್ತಿಯಿಲ್ಲದಿದ್ದರೆ ಇಂದು ಚರ್ಚಿಸಲು ಗ್ರಂಥವೇ ಇರುತ್ತಿರಲಿಲ್ಲ. ಆದರೆ ಕಾಲಾಂತರದಲ್ಲಿ ಅದು ದರ್ಶನದ ವಸ್ತುವಾಯಿತು. ಯಾತ್ರಿಕರು ಕಂಡು ಕೈಮುಗಿದು ಹೋಗುವಂತಾಯಿತು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಆರಂಭವಾದಾಗಲೂ ಪ್ರತಿಗಳು ಹೊರಹೋಗಬಾರದೆಂಬ ನಿರ್ಬಂಧವಿತ್ತು. ಆಗ ಒಂದು ಪ್ರತಿ ರಹಸ್ಯವಾಗಿ ಹೊರಬಿದ್ದು ಉತ್ತರದ ಸಹಾರನಪುರವನ್ನು ಸೇರಿತು. ಅದರಿಂದ ಇಳಿದ ಪ್ರತಿಗಳ ಆಧಾರದಿಂದಲೇ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಪ್ರಕಟವಾಯಿತು. ಮುಂದೆ ಮೂಡುಬಿದಿರೆಯ ಸಹಕಾರವೂ ದೊರೆತು, ಮೂಲ ತಾಡಪತ್ರಗಳೊಡನೆ ಪಾಠವನ್ನು ತಾಳೆ ನೋಡುವ ಅನುಕೂಲ ಉಂಟಾಯಿತು. ಒಟ್ಟು 16 ಸಂಪುಟಗಳಲ್ಲಿ ಕಾರ್ಯ ಪೂರ್ಣಗೊಂಡಿತು.

ಇಲ್ಲಿ ಧರ್ಮಸೂಕ್ಷ್ಮವೊಂದಿದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಶ್ರುತಜ್ಞಾನದ ಹೆಸರಿನಿಂದ ಅದು ಶುದ್ಧವಾಗುವುದಿಲ್ಲ. ಆದರೆ ಅದೇ ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನೂ ಎಣಿಸುತ್ತದೆ. ಬಲ್ಲದ್ದನ್ನು ಮರೆಮಾಚುವುದು ನಿಹ್ನವ. ಯೋಗ್ಯನಿಗೂ ಕೊಡದಿರುವುದು ಮಾತ್ಸರ್ಯ. ಜ್ಞಾನಕ್ಕೆ ಅಡ್ಡಿಯಾಗುವುದು ಅಂತರಾಯ. ಬಾಗಿಲು ಮುಚ್ಚಿದವನು ಒಂದು ದೋಷಕ್ಕೆ ಗುರಿಯಾದರೆ, ಮುಚ್ಚಿದ ಬಾಗಿಲು ಇನ್ನೊಬ್ಬನನ್ನು ಮತ್ತೊಂದು ದೋಷಕ್ಕೆ ದೂಡಿತು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಸ್ಖಾಲಿತ್ಯಗಳು ಸೇರಿದ ನಷ್ಟವನ್ನು ಎಲ್ಲರೂ ಅನುಭವಿಸಬೇಕಾಯಿತು. ವಿಶ್ವಾಸದಿಂದ ಕೊಟ್ಟಿದ್ದರೆ ಈ ಮೂರೂ ತಪ್ಪುತ್ತಿದ್ದವು. ಇಂದಿಗೂ ಎಷ್ಟೋ ಬಸದಿಗಳ ಗ್ರಂಥದ ಕಪಾಟುಗಳು ಶ್ರುತಪಂಚಮಿಯಂದು ಮಾತ್ರ ತೆರೆಯಲ್ಪಟ್ಟು, ಪೂಜೆಯ ಬಳಿಕ ಮತ್ತೆ ಮುಚ್ಚಲ್ಪಡುತ್ತವೆ ಎಂಬುದನ್ನು ನೆನೆದರೆ ಇದು ಕೇವಲ ಹಳೆಯ ಕಥೆಯಲ್ಲವೆಂದು ತಿಳಿಯುತ್ತದೆ.

ಕಣ್ಣುಮುಚ್ಚಿ ಹಂಚುವುದೂ ಸಲ್ಲದು, ಬೀಗ ಹಾಕುವುದೂ ಸಲ್ಲದು ಎಂದಾದರೆ ಸರಿಯಾದ ಕ್ರಮ ಯಾವುದು? ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷತೆ ಬರುತ್ತದೆಂಬ ಸೂತ್ರವೇ ಇದಕ್ಕೆ ಉತ್ತರ. ದಾತೃವು ತಾನು ಓದಿದ್ದನ್ನು ಕೊಡಬೇಕು. ದ್ರವ್ಯವಾದ ಗ್ರಂಥದ ಗುಣದೊಡನೆ ಅದರ ಕಷ್ಟವನ್ನೂ ಹೇಳಬೇಕು. ಪಾತ್ರನಾದ ಓದುಗನ ಸಿದ್ಧತೆಯನ್ನು ಅರಿಯಬೇಕು. ವಿಧಿಯೆಂದರೆ ಒತ್ತಾಯವಿಲ್ಲದೆ ಕೊಡುವುದು, ಬಳಿಕ ಅವನ ಅಭಿಪ್ರಾಯವನ್ನು ಆದರದಿಂದ ಕೇಳುವುದು.

941ರಲ್ಲಿ ರಚಿತವಾದ ಪಂಪನ ಆದಿಪುರಾಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳಗನ್ನಡದ ಪರಿಚಯವಿಲ್ಲದ ತರುಣನಿಗೆ ಮೂಲವನ್ನು ಮಾತ್ರ ಕೊಟ್ಟರೆ ಅವನು ನಾಲ್ಕು ಪದ್ಯಗಳಲ್ಲಿ ಕೈಬಿಟ್ಟಾನು. ಗದ್ಯಾನುವಾದದೊಡನೆ ಕೊಟ್ಟು, ಮೊದಲು ನೀಲಾಂಜನೆಯ ನೃತ್ಯದ ಸಂದರ್ಭವನ್ನು ಓದಿ ನೋಡು ಎಂದು ಹೇಳಿದರೆ, ವೈರಾಗ್ಯವೆಂಬುದು ಕಾವ್ಯದಲ್ಲಿ ಹೇಗೆ ಮೈದಾಳುತ್ತದೆಂಬುದನ್ನು ಅವನೇ ಕಾಣುತ್ತಾನೆ. ಕಥೆಗಳನ್ನು ಬಯಸುವವರಿಗೆ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ಒಬ್ಬರು ಓದಿ ಹೇಳಿದರೆ ಉಳಿದ ಕಥೆಗಳು ತಾವಾಗಿ ಕರೆಯುತ್ತವೆ. ರತ್ನಾಕರವರ್ಣಿಯ ಭರತೇಶ ವೈಭವದ ವಿಷಯದಲ್ಲಿ ಓದುಗರು ಎರಡು ಪಂಗಡವಾಗುವುದುಂಟು. ಭೋಗವರ್ಣನೆ ಅತಿಯಾಯಿತೆಂದು ಕೆಲವರು, ಭೋಗದ ನಡುವೆಯೇ ಯೋಗವನ್ನು ತೋರಿದ ಕಾವ್ಯವೆಂದು ಕೆಲವರು. ಈ ಭಿನ್ನಾಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಒಬ್ಬನ ಮೆಚ್ಚುಗೆಯೂ ಇನ್ನೊಬ್ಬನ ಆಕ್ಷೇಪವೂ ಒಂದೇ ಗ್ರಂಥದ ಎರಡು ನಯಗಳೆಂದು ಒಪ್ಪುವುದನ್ನು ಕಲಿಯಲು ಅನೇಕಾಂತವಾದಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

ಗ್ರಂಥಗಳು ಕೈಯಿಂದ ಕೈಗೆ ಹೋದರೆ ಅವಿನಯ ಸಂಭವಿಸುತ್ತದೆ, ನೆಲದ ಮೇಲಿಡುತ್ತಾರೆ, ಹರಿಯುತ್ತಾರೆ, ಹಿಂದಿರುಗಿಸುವುದಿಲ್ಲ ಎಂಬ ಹಿರಿಯರ ಆತಂಕ ನಿರಾಧಾರವಲ್ಲ. ಶ್ರುತವಿನಯವನ್ನು ಕಲಿಸಲೇಬೇಕು, ಪ್ರಾಚೀನ ತಾಡಪತ್ರಗಳನ್ನು ತಜ್ಞರ ರಕ್ಷಣೆಯಲ್ಲಿಯೇ ಇಡಬೇಕು. ಆದರೆ ಮುದ್ರಿತ ಗ್ರಂಥಕ್ಕೆ ಗೆದ್ದಲು ಮಾಡುವ ಅವಿನಯ ಓದುಗನು ಮಾಡುವುದಕ್ಕಿಂತ ಕಡಿಮೆಯದಲ್ಲ. ಓದಿ ಸವೆದ ಗ್ರಂಥಕ್ಕೆ ಹೊಸ ರಟ್ಟು ಹಾಕಿಸಬಹುದು. ಓದದೆ ಕೆಟ್ಟ ಗ್ರಂಥಕ್ಕೆ ಪರಿಹಾರವಿಲ್ಲ.

ಟ್ರಸ್ಟುಗಳು ಇದಕ್ಕಾಗಿ ಹೊಸ ನಿಧಿಯನ್ನು ಕೂಡಿಸಬೇಕಾಗಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಪೂಜೆ ಮುಗಿದ ಮೇಲೆ ಕಪಾಟನ್ನು ಮುಚ್ಚುವ ಬದಲು, ಪ್ರತಿ ಕುಟುಂಬದಿಂದ ಒಬ್ಬರು ತಾವು ಆ ವರ್ಷ ಓದಿದ ಒಂದು ಗ್ರಂಥವನ್ನು ತಂದು, ಅದು ತಮಗೇಕೆ ಹಿಡಿಸಿತು, ಎಲ್ಲಿ ತೊಡಕೆನಿಸಿತು, ಯಾರಿಗೆ ಒಪ್ಪುತ್ತದೆ ಎಂಬುದನ್ನು ನಾಲ್ಕು ಮಾತುಗಳಲ್ಲಿ ಹೇಳಿ, ಬೇಡಿದವರಿಗೆ ಕೊಡಲಿ. ಎರವಲು ಪುಸ್ತಕದಲ್ಲಿ ಹೆಸರು, ಕೊಟ್ಟ ದಿನ, ಹಿಂದಿರುಗಿಸಿದ ದಿನ ಇವುಗಳ ಪಕ್ಕದಲ್ಲಿ ಓದಿದವರ ಅಭಿಪ್ರಾಯಕ್ಕೆ ಒಂದು ಕಲಮು ಇರಲಿ. ಮಕ್ಕಳೂ ಸೊಸೆಯಂದಿರೂ ಅಲ್ಲಿ ಬರೆಯಲಿ. ಮುಂದಿನ ವರ್ಷ ಯಾವ ಗ್ರಂಥವನ್ನು ಮುದ್ರಿಸಬೇಕೆಂಬ ಪ್ರಶ್ನೆಗೆ ಆ ಕಲಮೇ ಉತ್ತರ ಕೊಡುತ್ತದೆ. ಹತ್ತು ಸಾಲುಗಳಾದರೂ ಅದರಲ್ಲಿ ತುಂಬಿದ ವರ್ಷ, ಆ ಬಸದಿಯಲ್ಲಿ ಶಾಸ್ತ್ರದಾನ ನಡೆಯಿತೆಂದು ನಿಸ್ಸಂಕೋಚವಾಗಿ ವರದಿಯಲ್ಲಿ ಬರೆಯಬಹುದು.