ಭಾಷಾವಿಜ್ಞಾನದ ವ್ಯಾಸಂಗವೂ ಶರಣರ ನುಡಿಯೂ

ವಚನವನ್ನು ಧಾತು, ಪ್ರತ್ಯಯಗಳಾಗಿ ಬಿಡಿಸಿ ನೋಡುವುದು ಅನುಭಾವಕ್ಕೆ ಎಸಗುವ ಅಪಚಾರವೆಂದು ಶಂಕಿಸುವ ಭಕ್ತರುಂಟು. ಭಾಷಾವಿಜ್ಞಾನವನ್ನು ಪರೀಕ್ಷೆಯ ಹೊರೆಯೆಂದೇ ಬಗೆದು, ಧ್ವನಿಮಾ ಆಕೃತಿಮಾಗಳ ಲಕ್ಷಣಗಳನ್ನು ಉರುಹೊಡೆದು, ಫಲಿತಾಂಶ ಬಂದೊಡನೆ ಮರೆತುಬಿಡುವ ವಿದ್ಯಾರ್ಥಿಗಳೂ ಉಂಟು. ಈ ಇಬ್ಬರೂ ಎ. ಕೆ. ರಾಮಾನುಜನ್ ಅವರ ವ್ಯಾಸಂಗದ ದಾರಿಯನ್ನು ಒಮ್ಮೆ ಅವಲೋಕಿಸುವುದು ಒಳಿತು.

ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ ಅಧ್ಯಾಪಕರಾಗಿದ್ದ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಸಿಸಿ, ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ 1963ರಲ್ಲಿ ಡಾಕ್ಟರೇಟ್ ಪಡೆದರು. ಮಹಾಪ್ರಬಂಧದ ವಿಷಯ ಕನ್ನಡದ ಉತ್ಪಾದಕ ವ್ಯಾಕರಣ. ಚಾಮ್‌ಸ್ಕಿಯವರ ಮೊದಲ ಗ್ರಂಥ ಹೊರಬಂದು ಆಗ ಕೇವಲ ಆರು ವರ್ಷ. ಅಂಥ ಹೊಸ ಶಾಸ್ತ್ರಕ್ಕೆ ಕನ್ನಡವನ್ನು ಒಡ್ಡಿದುದೇ ಸಾಹಸ. ಅದಾದ ಹತ್ತು ವರ್ಷಕ್ಕೆ, 1973ರಲ್ಲಿ, ಅವರ ವಚನಾನುವಾದ 'ಸ್ಪೀಕಿಂಗ್ ಆಫ್ ಶಿವ' ಪ್ರಕಟವಾಯಿತು.

ಆ ಗ್ರಂಥದ ಪ್ರಸ್ತಾವನೆಯನ್ನು ಭಾಷೆಯ ರಚನೆಯನ್ನು ಕಲಿತವರಲ್ಲದೆ ಅನ್ಯರು ಬರೆಯಲಾರರು. ದೇಹವೇ ದೇಗುಲವಾಗುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಎತ್ತಿಕೊಂಡು, ಸ್ಥಾವರ-ಜಂಗಮಗಳ ಮೂಲಧಾತುಗಳನ್ನು ತೋರಿಸಿ, 'ಮಾಡುವುದು' 'ಆಗಿರುವುದು' ಎಂಬ ವಿರೋಧದ ಮೇಲೆ ಇಡೀ ವಚನ ನಿಂತಿರುವುದನ್ನು ಅವರು ವಿಶದಪಡಿಸುತ್ತಾರೆ. ಅಪಚಾರವೆಲ್ಲಿ ನಡೆಯಿತು? ನಿತ್ಯ ಪಠಿಸಿ ಬಾಯಿಪಾಠವಾಗಿದ್ದ ವಚನ ಮತ್ತೆ ಹೊಸದಾಗಿ ಕೇಳಿಸುತ್ತದೆ.

ಆದರೆ ಅದೇ ವಿದ್ಯೆಯ ಒರೆಗಲ್ಲಿಗೆ ಅನುವಾದವನ್ನೂ ಹಚ್ಚಬೇಕಲ್ಲವೆ? ಮೂಲದಲ್ಲಿ ಉಳ್ಳವರ ಕ್ರಿಯೆಗೂ ಬಡವನ ಪ್ರಶ್ನೆಗೂ ಒಂದೇ ಧಾತು: 'ಮಾಡು'. ಇಂಗ್ಲಿಷಿನಲ್ಲಿ ಅದು 'ಮೇಕ್' ಎಂದೂ 'ಡೂ' ಎಂದೂ ಎರಡಾಗಿ ಸೀಳಿತು. ಸಿರಿವಂತನ ಮಾತನ್ನೇ ಬಡವನು ಹಿಡಿದು ಹಿಂದಿರುಗಿಸುವ ಮೊನಚು ಅಲ್ಲಿ ಕುಗ್ಗಿದೆ. ಇದು ಅನುವಾದಕರ ದೋಷಕ್ಕಿಂತ ಇಂಗ್ಲಿಷಿನ ಬಡತನವೆನ್ನುವುದೇ ನ್ಯಾಯ. 'ಮಾಡುವರು' ಎಂಬ ರೂಪ ಕೂಡ ಬರಿಯ ಭವಿಷ್ಯತ್ತಲ್ಲ. ಎಂದೆಂದೂ ನಡೆದುಬರುವ ರೂಢಿಯನ್ನೂ ಅದು ಹೇಳುತ್ತದೆ. ಇಷ್ಟನ್ನು ಗುರುತಿಸಲು ಭಕ್ತಿಯೊಂದೇ ಸಾಲದು, ವ್ಯಾಕರಣವೂ ಬೇಕು.

ಅಂಕಿತದ ವಿಷಯದಲ್ಲಿ ಮಾತ್ರ ಇಂಥ ರಿಯಾಯಿತಿ ಸಲ್ಲದು. ಕೂಡಲಸಂಗಮದೇವನು ಅಲ್ಲಿ ನದಿಗಳು ಕೂಡುವೆಡೆಯ ಒಡೆಯನಾಗಿದ್ದಾನೆ. ಗುಹೇಶ್ವರನು ಗುಹೆಗಳ ಒಡೆಯ. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬಿಳಿದಾದ ಒಡೆಯ. ಅಂಕಿತನಾಮವು ವಸ್ತುವನ್ನು ನಿರ್ದೇಶಿಸುತ್ತದೆ, ವರ್ಣಿಸುವುದಿಲ್ಲ ಎಂಬುದು ಭಾಷಾವಿಜ್ಞಾನದ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲೊಂದು. ಸಂಗಯ್ಯ ಎಂಬ ಹೆಸರಿನ ನೆರೆಯವನನ್ನು ಯಾರೂ ಕೂಡಲಪ್ಪ ಎಂದು ಕರೆಯುವುದಿಲ್ಲ! ಅದಲ್ಲದೆ ವಚನದ ಅಂಕಿತ ಬಹುಮಟ್ಟಿಗೆ ಸಂಬೋಧನೆ. ಆವರೆಗಿನ ಮಾತೆಲ್ಲ ಯಾರಿಗೆ ಸಲ್ಲಬೇಕೋ ಅವನನ್ನು ಹೆಸರು ಹಿಡಿದು ಕರೆಯುವ ಕೂಗು. ಕೂಗನ್ನು ವರ್ಣನೆಯಾಗಿಸಿದರೆ ಕೂಡಲಸಂಗಮವೆಂಬ ಕ್ಷೇತ್ರವೂ ಶ್ರೀಶೈಲದ ಮಲ್ಲಿಕಾರ್ಜುನನೂ ಪರದೇಶದ ಓದುಗನ ಕಣ್ಣಿಂದ ಮರೆಯಾಗುತ್ತಾರೆ.

ಇಂಗ್ಲಿಷ್ ಓದುಗನಿಗೆ ಅರ್ಥವಾಗದ ಹೆಸರು ಬರಿಯ ಸದ್ದಾಗುತ್ತದೆಂಬ ಸಮಾಧಾನವನ್ನು ಹೇಳಬಹುದು. ಹಾಗಾದರೆ ಅದೇ ಪುಸ್ತಕದಲ್ಲಿ ದಾಸಿಮಯ್ಯನ ರಾಮನಾಥ ಮಾತ್ರ ಅನುವಾದಗೊಳ್ಳದೆ ರಾಮನಾಥನಾಗಿಯೇ ಉಳಿದುದೇಕೆ? ಅಷ್ಟು ಸೂಕ್ಷ್ಮಜ್ಞರ ಕೈಯಲ್ಲಿ ಒಂದೇ ಬಗೆಯ ಪದಗಳಿಗೆ ಎರಡು ನಿಯಮ ಹೇಗೆ ಸಲ್ಲುತ್ತದೆ? ಅಕ್ಕನ ಅಂಕಿತಕ್ಕಂತೂ ಇನ್ನೊಂದು ನಷ್ಟವಿದೆ: ಆ ಹೆಸರಿನಲ್ಲಿ 'ಮಲ್ಲಿಕಾ' 'ಅರ್ಜುನ' ಎರಡೂ ಸಂಸ್ಕೃತ; ಅಕ್ಕನು ತನ್ನ ಮನೆಯ ಮಾತಿನಿಂದ ತಂದು ಮುಂದಿರಿಸಿದ ಪದ 'ಚೆನ್ನ' ಒಂದೇ. ಅನುವಾದದ ಅಂಕಿತದಲ್ಲಿ ಬಿಳುಪು ಉಳಿಯಿತು, ಚೆಲುವು ಹೋಯಿತು.