ಪರಿಹಾಸದಿಂದ ಅದ್ಭುತಕ್ಕೆ: ಸೂಸನ್ ಬಾಯ್ಲ್ ಪ್ರಸಂಗ

2009ರ ಏಪ್ರಿಲ್ 11ರಂದು ಪ್ರಸಾರವಾದ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಸ್ಪರ್ಧೆಯಲ್ಲಿ ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ ಹಾಡಿದ್ದನ್ನು ಪವಾಡವೆಂದೇ ವರ್ಣಿಸಲಾಗಿದೆ. ಈ ವರ್ಣನೆ ಮರುಪರಿಶೀಲನೆಗೆ ಅರ್ಹವಾದುದು. ನಲವತ್ತೇಳರ ವಯಸ್ಸನ್ನೂ ಅಲಂಕಾರವಿಲ್ಲದ ರೂಪವನ್ನೂ ಕಂಡು ಸಭಿಕರು ನಗುವ ದೃಶ್ಯಗಳು ಹಾಡಿಗೆ ಮೊದಲೇ ಬರುತ್ತವೆ. ‘ಲೆ ಮಿಜರಾಬ್ಲ್’ ಸಂಗೀತನಾಟಕದ ಗೀತೆ ಆರಂಭವಾದೊಡನೆ ಆ ನಗು ಕರತಾಡನವಾಗುತ್ತದೆ. ಎಂದರೆ ಇಲ್ಲಿನ ಅದ್ಭುತರಸಕ್ಕೆ ಪರಿಹಾಸವೇ ವಿಭಾವ. ಭರತನೂ ಊಹಿಸದ ಸಂಯೋಗವಿದು!

ವಾಸ್ತವದಲ್ಲಿ ಆಕೆ ಚರ್ಚಿನಲ್ಲಿ ಹಾಡುತ್ತಿದ್ದವರು, ಶಿಕ್ಷಕರಲ್ಲಿ ಕಂಠಸಾಧನೆ ಮಾಡಿದವರು. 1999ರಷ್ಟು ಹಿಂದೆಯೇ ಸಹಾಯಾರ್ಥ ಧ್ವನಿಮುದ್ರಿಕೆಯೊಂದಕ್ಕೆ ಹಾಡಿದ್ದವರು. ಮುಂದಿನ ಹತ್ತು ವರ್ಷ ಆ ಕಂಠಕ್ಕೆ ವೇದಿಕೆ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆಯನ್ನು ‘ಪವಾಡ’ ಎಂಬ ಪದ ಮರೆಮಾಚುತ್ತದೆ. ಮೇ 30ರ ಅಂತಿಮ ಸುತ್ತಿನಲ್ಲಿ ಆಕೆ ಅದೇ ಗೀತೆಯನ್ನು ಮತ್ತೆ ಹಾಡಿದರು. ಈ ಬಾರಿ ಮುನ್ನ ನಗುವವರಿರಲಿಲ್ಲ. ಪ್ರಥಮ ಸ್ಥಾನ ‘ಡೈವರ್ಸಿಟಿ’ ನೃತ್ಯತಂಡಕ್ಕೆ ಸಂದಿತು.